ಇನ್ನೊಂದು ಮುಖ ಬಾಕಿ

ಮರೆಗಣ್ಣು ಎಂಬ ಯಂತ್ರ, ಜಪ್ತಿಯಾದ ಕ್ಯಾಮೆರಾದ ಕಾರ್ಡನ್ನು ಒಳಗೆಳೆದುಕೊಂಡು ಹತ್ತು ನಿಮಿಷ ಗುಂಯ್‌ಗುಟ್ಟಿತು. ಅದರಲ್ಲಿದ್ದ ಒಂಬತ್ತು ಸಾವಿರ ಚಿತ್ರಗಳನ್ನೂ ನೋಡಿತು. ಪೊಲೀಸರಿಗೆ ಒಂದನ್ನೂ ತೋರಿಸಲಿಲ್ಲ.

ಅದು ಇರುವುದೇ ಅದಕ್ಕೆ. ಹಿಂದೆ ಜಪ್ತಿಯಾದ ಫೋನುಗಳಲ್ಲಿನ ಹೆಣ್ಣುಮಕ್ಕಳ ಚಿತ್ರಗಳನ್ನು ಠಾಣೆಗಳಲ್ಲಿ ಕೈಯಿಂದ ಕೈಗೆ ದಾಟಿಸಿ ಹಲ್ಲು ಕಿಸಿಯುತ್ತಿದ್ದರು. ಆ ಹೊಲಸು ನಿಲ್ಲಿಸಲು ಕಾನೂನು ಬಂತು. ಚಿತ್ರಗಳನ್ನು ಯಂತ್ರವೇ ಶೋಧಿಸಬೇಕು. ಅಪರಾಧ ಕಂಡರೆ ಮಾತ್ರ ಹೊರಗೆ ಕೊಡಬೇಕು. ಉಳಿದವಕ್ಕೆ ಬೀಗಮುದ್ರೆ. ಅದು ತೆರೆಯಬೇಕಾದರೆ ಚಿತ್ರದಲ್ಲಿರುವ ಪ್ರತಿಯೊಬ್ಬರೂ ಯಂತ್ರದೆದುರು ಮುಖ ತೋರಿಸಿ ಒಪ್ಪಬೇಕು. ಇದು ಮುಖಸಮ್ಮತಿ. ಒಳ್ಳೆಯ ಕಾನೂನೇ. ಅದರೊಳಗೆ ಸಿಕ್ಕಿಬಿದ್ದವನು ಫೋಟೋಗ್ರಾಫರ್ ಈರಪ್ಪ ಬಣಕಾರ.

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಪೇಟೆಯ ಬಂಗಾರದಂಗಡಿಯಲ್ಲಿ ಕಳವಾಯಿತು. ಅಂಗಡಿಯವನು ಈರಪ್ಪನತ್ತ ಬೆರಳು ತೋರಿಸಿದ. ಆ ಹೊತ್ತಿಗೆ ಈರಪ್ಪ ಅರವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ, ತೀರಿಕೊಂಡ ಸಂಗನಗೌಡರ ಕೊನೆಯ ಫೋಟೋ ತೆಗೆಯುತ್ತಿದ್ದ. ಅಲ್ಲಿನ ರೂಢಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ರುಮಾಲು ಸುತ್ತಿ, ಹಾರ ಹಾಕಿದ್ದರು. ಸುತ್ತ ಮನೆಯವರು ಒಂಬತ್ತು ಮಂದಿ. ಚಿತ್ರದೊಳಗೆ ಸಮಯ, ಸ್ಥಳ, ತೆಗೆದವನ ಬೆರಳಚ್ಚು ಎಲ್ಲವೂ ದಾಖಲಾಗಿವೆ. ಚಿತ್ರವಿರುವಾಗ ಬಾಯಿಮಾತಿನ ಸಾಕ್ಷಿ ಬೇಡವೆಂದಿತು ನ್ಯಾಯಾಲಯ.

ಒಂಬತ್ತು ಮಂದಿಯೂ ಬಂದು ಮುಖ ತೋರಿಸಿದರು. ಇನ್ನೊಂದು ಮುಖ ಬಾಕಿ, ಎಂದಿತು ಯಂತ್ರ.

ಅದನ್ನು ಕಟ್ಟಿದ ವಿಜ್ಞಾನಿ ವೈಜಯಂತಿ ಲಾಕಪ್ಪಿನೆದುರು ಬಂದು ನಿಂತರು.

"ಆ ಮುಖ ಹೂತು ಹದಿನೈದು ದಿನ ಆತ್ರೀ. ತೋಡಿ ತರ್ಲೇನು?" ಎಂದ ಈರಪ್ಪ.

"ಸತ್ತವರ ಪರವಾಗಿ ಮಗ ಒಪ್ಪಬಹುದು. ಆದರೆ ಸಂಗನಗೌಡರು ಸತ್ತಿದ್ದಾರೆಂದು ಯಂತ್ರ ನಂಬುತ್ತಿಲ್ಲ. ಕೂತಿದ್ದಾರಲ್ಲ."

"ಕಣ್ಣು ಮುಚ್ಯಾವಲ್ರೀ!"

"ಫೋಟೋದಲ್ಲಿ ಎಷ್ಟೋ ಜನ ಕಣ್ಣು ಮುಚ್ಚಿರುತ್ತಾರೆ."

"ಅದಕ್ಕ ನೀವು ಹೆಣಾನ ತೋರಿಸಿಲ್ಲೇನು?"

"ಸಾವಿರಾರು ತೋರಿಸಿದ್ದೇವೆ. ಎಲ್ಲವೂ ಮಲಗಿದ್ದವು."

"ಒಂದ್ ದಿನ ನಮ್ಮ ಕಡೆ ಸಾವಿನ ಮನಿಗೆ ಬಂದಿದ್ರ ಏನ್ ಸವೀತಿದ್ರಿ? ನೀವ ಮಾಡಿದ ಯಂತ್ರ, ನೀವ ತೆಗೀರಿ."

"ನನ್ನ ಹತ್ತಿರವೂ ಕೀಲಿ ಇಲ್ಲ. ಯಾರ ಹತ್ತಿರವೂ ಇರಬಾರದೆಂದೇ ಹಾಗೆ ಮಾಡಿದೆ."

ಮಗ ಮಲ್ಲನಗೌಡ ತಂದೆಯ ಮರಣಪತ್ರ ತಂದು ಯಂತ್ರಕ್ಕೆ ಕೊಟ್ಟ. ಯಂತ್ರ ಓದಿತು. ಮಂಗಳವಾರ ನಸುಕಿನ ನಾಲ್ಕಕ್ಕೆ ಸಾವು; ಚಿತ್ರದಲ್ಲಿ ಅದೇ ದಿನ ಹನ್ನೊಂದಕ್ಕೆ ಜೀವಂತ; ಸಂಜೆ ನಾಲ್ಕಕ್ಕೆ ಸಮಾಧಿ. ಅಪರಾಧ ಕಂಡಿತು. ಬೀಗಮುದ್ರೆ ತಾನಾಗಿಯೇ ಬಿಚ್ಚಿಕೊಂಡು ಚಿತ್ರ ಹೊರಬಿತ್ತು.

ಕಳವಿನ ಕೇಸು ಅಲ್ಲೇ ಬಿದ್ದುಹೋಯಿತು. ಜೀವಂತ ಮನುಷ್ಯನನ್ನು ಹೂತ ಕೇಸು ಈರಪ್ಪನೂ ಸೇರಿ ಹತ್ತು ಮಂದಿಯ ಮೇಲೆ ಬಿತ್ತು.

"ನೋಡಿದರೆ ಹೆಣವೆಂದು ಗೊತ್ತಾಗುವುದಿಲ್ಲವೇ?" ಎಂದು ವೈಜಯಂತಿ ಕೂಗಿದರು.

"ಗೊತ್ತಾಗುತ್ತೆ ಮೇಡಂ," ಎಂದ ಇನ್‌ಸ್ಪೆಕ್ಟರ್. "ವರದಿ ಬರೆಯೋದು ನಾನಲ್ವಲ್ಲ."

ಗೌಡರ ಹೆಂಡತಿ ನೀಲವ್ವನನ್ನೂ ಕರೆತಂದರು. ಆಕೆ ಕಂಬಿ ಹಿಡಿದು ನಿಂತು, ಈರಪ್ಪನತ್ತ ತಿರುಗಿದಳು.

"ಈರಪ್ಪ, ನೀನು ಎದುರಿಗೇ ಇದ್ದಿ. ಖರೇ ಹೇಳು. ಅವರಿಗೆ ಆಗ ಉಸಿರಿತ್ತೇನು?"