ಬೆಳಗಿನ ಐದೂವರೆಯ ಮ್ಯಾಚ್

ಹನ್ನೊಂದು ತಿಂಗಳು ಆ ಅಮೆರಿಕದ ಕುಸ್ತಿ ಕಂಪನಿಯವರು ಕೋಲ್ ಮೆರಿಕ್ ಎಂಬ ಪೈಲ್ವಾನನನ್ನು ಮೇಲೆ ತಂದರು. ಸೋಲಿಸಿದರು, ಕಾಲು ಮುರಿದ ಹಾಗೆ ತೋರಿಸಿದರು, ಊರುಗೋಲು ಕೊಟ್ಟು ವಾಪಸ್ ಕರೆತಂದರು. ಕೊನೆಗೆ ಚಾಂಪಿಯನ್‌ಶಿಪ್. ಇಪ್ಪತ್ತಾರು ನಿಮಿಷ ಎಂಥಾ ಮ್ಯಾಚ್ ಅಂತೀರಿ! ರೆಫರಿ ಎರಡು ಎಣಿಸಿ, ಗೆಲುವಿನ ಮೂರಕ್ಕೆ ಕೈ ಎತ್ತಿದ್ದಾನೆ, ಲೈಟ್ ಹೋಯಿತು. ಬಂದಾಗ ರಿಂಗಿನ ನಡುವೆ ಐವತ್ತೆರಡು ವರ್ಷದ ಮುದುಕ. ಎಂಟು ವರ್ಷದ ಹಿಂದೆಯೇ ಕಣ್ಣೀರು ಸುರಿಸಿ ರಿಟೈರ್ ಆಗಿದ್ದವನು. ಕೈಯಲ್ಲಿ ಕುರ್ಚಿ. ಒಂದೇ ಏಟಿಗೆ ಮೆರಿಕ್ ಮಲಗಿದ.

ಥೂ.

ಅದೆಲ್ಲ ಮೊದಲೇ ಬರೆದಿಟ್ಟ ಆಟ ಎಂದು ನನಗೆ ಹೇಳಲು ಬರಬೇಡಿ. ಆರನೇ ಕ್ಲಾಸಿನಿಂದ ಗೊತ್ತು. ಯಾರು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಎಂದು ಒಳಗೆ ಕೂತು ಬರೆಯುವುದಕ್ಕೇ ಬುಕಿಂಗ್ ಅನ್ನುತ್ತಾರೆ. ಬರೆಯುವುದೇ ಆದರೆ ನೆಟ್ಟಗೆ ಬರೆಯಲು ಇವರಿಗೇನು ರೋಗ?

"ಅಯ್ಯಯ್ಯೋ! ಇದೇನ್ರೀ ಪ್ರತಿಮಾ ಇದು!"

ಶಶಿಕಿರಣ್ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಿದ್ದ. ಕಣ್ಣು ಅಗಲ, ಹುಬ್ಬು ಹಣೆಯ ಮೇಲೆ. ಲ್ಯಾಪ್‌ಟಾಪಿನಲ್ಲಿ ಮ್ಯಾಚ್, ಪಕ್ಕದಲ್ಲಿ ಒರಗಿಸಿದ ಫೋನಿನಲ್ಲಿ ಅವನು. ನಾನು ಅರಸೀಕೆರೆಯ ನಮ್ಮ ಮನೆಯಲ್ಲಿ, ಅವನು ಹಳೇಬೀಡಿನ ತನ್ನ ಬಾಡಿಗೆ ರೂಮಿನಲ್ಲಿ. ಎರಡು ವರ್ಷದಿಂದ ಪ್ರತಿ ಮಂಗಳವಾರ ಸಂಜೆ ಏಳಕ್ಕೆ ಹೀಗೆಯೇ. "ಒಂದು, ಎರಡು, ಮೂರು, ಪ್ಲೇ" ಎಂದು ಇಬ್ಬರೂ ಒಟ್ಟಿಗೆ ಒತ್ತುತ್ತಿದ್ದೆವು.

"ಈ ಮುದುಕನ್ನ ಮನೇಲಿ ಕೂರ್ಸೋಕೆ ಯಾರೂ ಇಲ್ವಾ?" ಎಂದೆ.

"ಸಮಾಧಾನ ಮಾಡ್ಕೊಳ್ರೀ. ನನಗೂ ಕೈಕಾಲು ಆಡ್ತಿಲ್ಲ."

ಆ ಮುಖ ನೋಡಿದರೆ ನನ್ನ ಅರ್ಧ ಸಿಟ್ಟು ಇಳಿಯುತ್ತಿತ್ತು. ನನ್ನಷ್ಟೇ ಬೆಚ್ಚಿ ಬೀಳುವವನು ಜಗತ್ತಿನಲ್ಲಿ ಇನ್ನೊಬ್ಬನಿದ್ದಾನೆ ಎಂಬ ನೆಮ್ಮದಿ. ಈ ಮನುಷ್ಯ ಯಾವತ್ತು ಬಾಯಿ ಬಿಟ್ಟು ಕೇಳುತ್ತಾನೋ ಎಂದು ಆರು ತಿಂಗಳಿಂದ ಕಾಯುತ್ತಿದ್ದೆ. ಕೇಳಿದರೆ ಹೂಂ ಅನ್ನುವುದು ಅಂತಲೂ ಮನಸ್ಸಿನಲ್ಲಿತ್ತು.

ನಮಗೆ ಪರಿಚಯವಾದದ್ದೇ ಜಗಳದಿಂದ. ಒಂದು ಕನ್ನಡ ಕುಸ್ತಿ ಪೇಜಿನಲ್ಲಿ ನಾನು ಬುಕಿಂಗ್ ಬಗ್ಗೆ ಉಗಿದು ಬರೆದಿದ್ದೆ. ಇವನು ಕೆಳಗೆ, "ಸೋಲೋದೂ ಒಂದು ಕೆಲಸ ಕಣ್ರೀ, ಅದನ್ನೂ ಚೆನ್ನಾಗಿ ಮಾಡ್ತಾರೆ" ಎಂದು ಬರೆದ. ನಾಲ್ಕು ದಿನ ಕಿತ್ತಾಡಿದೆವು. ಐದನೇ ದಿನ ಇಬ್ಬರದೂ ಒಂದೇ ಜಿಲ್ಲೆ ಎಂದು ಗೊತ್ತಾಯಿತು. ಅವನ ಊರು ಗಂಡಸಿ, ಕೆಲಸ ಹಳೇಬೀಡಿನಲ್ಲಿ ಗೈಡು. ನಡುವಿನ ಜಾವಗಲ್ಲಿನಲ್ಲಿ ಐದು ಸಲ ಸೇರಿ ಕಾಫಿ ಕುಡಿದಿದ್ದೆವು. ಐದು ಸಲವೂ ಕುಸ್ತಿಯದೇ ಮಾತು, ಆದರೆ ಬಸ್ ಹತ್ತುವಾಗ ಅವನ ಕಣ್ಣು ಬೇರೇನೋ ಹೇಳುತ್ತಿತ್ತು.

ಆ ಷೋ ನಮ್ಮಲ್ಲಿ ಲೈವ್ ಬರುವುದು ಮಂಗಳವಾರ ಬೆಳಿಗ್ಗೆ ಐದೂವರೆಗೆ. ನನಗೆ ಆಗದು. ಬಿ.ಎಚ್. ರಸ್ತೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು ನಾನು. ಆರೂವರೆಗೆ ಖಾಲಿ ಹೊಟ್ಟೆಯ ಜನ ಬಾಗಿಲಲ್ಲಿ ನಿಂತಿರುತ್ತಾರೆ. ಮಂಗಳವಾರ ಇಡೀ ದಿನ ಫೋನಿನ ನೆಟ್ ಆಫ್ ಮಾಡಿ, ಯಾರೂ ಫಲಿತಾಂಶ ಹೇಳದ ಹಾಗೆ ಕಿವಿ ಕಾಯ್ದುಕೊಂಡು, ಸಂಜೆಗೆ ಉಳಿಸುತ್ತಿದ್ದೆ. "ನಾನೂ ಹಾಗೇ" ಎಂದಿದ್ದ ಅವನು.

ಬುಧವಾರ ಬೆಳಿಗ್ಗೆ ಚಿಕ್ಕಣ್ಣ ಎಂಬುವವರು ಷುಗರ್ ಟೆಸ್ಟಿಗೆ ಬಂದರು. ಹಳೇಬೀಡಿನಲ್ಲಿ ಟೀ ಅಂಗಡಿ, ಇಲ್ಲಿ ಮಗಳ ಮನೆಗೆ ಬಂದಿದ್ದರಂತೆ. ತಿಂಡಿ ತಿಂದು ಎರಡು ಗಂಟೆ ಕಾದು ಮತ್ತೆ ರಕ್ತ ಕೊಡಬೇಕಲ್ಲ, ಬೆಂಚಿನ ಮೇಲೆ ಕೂತಿದ್ದರು. ಮೇಜಿನ ಮೇಲಿದ್ದ ನನ್ನ ಫೋನಿನಲ್ಲಿ ಮೆರಿಕ್‌ನ ಚಿತ್ರ ಕಂಡು ನಕ್ಕರು.

"ಏನವ್ವಾ, ನಿಂಗೂ ಈ ಕುಸ್ತಿ ಹುಚ್ಚು ಐತಾ? ನಮ್ಮಲ್ಲೊಬ್ಬ ಅವ್ನೆ, ಗೈಡು ಶಶಿ ಅಂತ. ಮಂಗಳವಾರ ಅಂದ್ರೆ ಬೆಳಗಾನ ಐದೂವರೆಗೇ ನಮ್ಮಂಗ್ಡೀಲಿ ಕುಂತಿರ್ತಾನೆ, ಫೋನ್ ಹಿಡ್ಕಂಡು. ನೆನ್ನೆ ಟೀ ಲೋಟ ಕುಕ್ಕಿದ್ದುಕ್ಕೆ ಲೋಟಾನೇ ಹೋಯ್ತು. ಎಂಥದೋ ಮುದುಕ ಬಂದು ಕೆಡಿಸ್ಬುಟ್ನಂತೆ."

"ಪ್ರತಿ ವಾರಾನಾ?"

"ಎರಡು ವರ್ಸದಿಂದ ನೋಡ್ತಾ ಇವ್ನಿ ಕಣವ್ವಾ."

ಎರಡು ವರ್ಷ! ಪ್ರತಿ ಮಂಗಳವಾರ ಬೆಳಿಗ್ಗೆಯೇ ಎಲ್ಲ ನೋಡಿ ಮುಗಿಸಿ, ಸಂಜೆ ನನ್ನೆದುರು ಹುಬ್ಬು ಹಾರಿಸಿದ್ದ. ನಾನು ಅತ್ತಾಗ ಅವನಿಗೆ ಮುಂದಿನದು ಗೊತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನ ರಜೆ ಹಾಕಿ ಬಸ್ ಹತ್ತಿದೆ.

ಅವನು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಯಲ್ಲಿ ಸಿಕ್ಕಿದ, ಹತ್ತು ಹನ್ನೆರಡು ಪ್ರವಾಸಿಗರ ಜೊತೆ. ನಾನು ಹಿಂದೆ ನಿಂತೆ. ಕನ್ನಡಿಯಂತೆ ನುಣುಪಾದ ಕಂಬದ ಮುಂದೆ ಒಬ್ಬ ಹೆಂಗಸನ್ನು ನಿಲ್ಲಿಸಿ ಕೈ ಚಾಚಲು ಹೇಳಿದ. ಕಂಬದಲ್ಲಿ ಕೈಗಳು ಎರಡಕ್ಕಿಂತ ಹೆಚ್ಚು ಕಂಡವು.

"ಅಯ್ಯಯ್ಯೋ! ಇದೇನ್ರೀ ಮೇಡಂ ಇದು!" ಎಂದ ಶಶಿಕಿರಣ್. ಎರಡೂ ಕೈ ತಲೆಯ ಮೇಲೆ. ಕಣ್ಣು ಅಗಲ. ಹುಬ್ಬು ಹಣೆಯ ಮೇಲೆ.

ಅದೇ ಮುಖ. ಒಂದು ಕೂದಲೂ ಹೆಚ್ಚು ಕಮ್ಮಿ ಇಲ್ಲ.

ಜನ ಚದುರಿದ ಮೇಲೆ ನನ್ನನ್ನು ನೋಡಿ ಓಡಿಬಂದ. "ಪ್ರತಿಮಾ! ಹೇಳ್ದೇ ಕೇಳ್ದೇ..."

"ದಿನಕ್ಕೆ ಎಷ್ಟು ಸಲ ಮಾಡ್ತೀರಿ ಆ ಮುಖಾನ?"

ಅವನಿಗೆ ಅರ್ಥವಾಗಲಿಲ್ಲ.

"ಚಿಕ್ಕಣ್ಣ ಅವರು ರಕ್ತ ಕೊಡೋಕೆ ಬಂದಿದ್ರು. ಒಡೆದ ಲೋಟದ ಕಥೆ ಹೇಳಿದ್ರು."

ಅವನ ಮುಖ ಇಳಿಯಿತು. "ಬೆಳಿಗ್ಗೆ ನೋಡ್ದೆ ಇರೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ ಕಣ್ರೀ. ಗೊತ್ತು ಅಂದಿದ್ರೆ ನೀವು ನನ್ ಜೊತೆ ನೋಡ್ತಿರ್ಲಿಲ್ಲ. ಸಂಜೆ ನಾನು ಮ್ಯಾಚ್ ನೋಡ್ತಾನೇ ಇರ್ಲಿಲ್ಲ, ನಿಮ್ಮನ್ನ ನೋಡ್ತಿದ್ದೆ."

"ಈ ಡೈಲಾಗ್ ಯಾವಾಗ ಬರೆದಿಟ್ಕೊಂಡ್ರಿ?"

"ಇದು ನಿಜ ಕಣ್ರೀ."

"ನನಗೆ ಹೇಗೆ ಗೊತ್ತಾಗ್ಬೇಕು, ಶಶಿ? ನಿಮ್ಮ ನಿಜವಾದ ಮುಖ ಯಾವುದು ಅಂತ ನಾನು ಹೇಗೆ ಹೇಳ್ಲಿ? ನಾಳೆ ನಾನು ಸೀರೆ ಉಟ್ಟು ಬಂದ್ರೂ ಅಯ್ಯಯ್ಯೋ, ಮಗು ಹುಟ್ಟಿದ್ರೂ ಅಯ್ಯಯ್ಯೋ."

ಮಗು ಎಂದದ್ದು ಬಾಯಿ ತಪ್ಪಿ. ಅವನು ಚಟ್ಟನೆ ತಲೆ ಎತ್ತಿದ. ನಾನು ಹಿಂತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದೆ. ಜಾವಗಲ್ ದಾಟುವ ಹೊತ್ತಿಗೆ ಅವನ ನಂಬರ್ ಬ್ಲಾಕ್ ಮಾಡಿದ್ದೆ.

ಮುಂದಿನ ಮಂಗಳವಾರ ಒಬ್ಬಳೇ ನೋಡಿದೆ. ಮುದುಕ ಮೈಕ್ ಹಿಡಿದು ಇಪ್ಪತ್ತು ನಿಮಿಷ ಭಾಷಣ ಬಿಗಿದ. ಇನ್ನೇನು ಕೋಲ್ ಮೆರಿಕ್ ಬರುತ್ತಾನೆ ಅಂದರೆ, ಅವನನ್ನು ಮೂರು ನಿಮಿಷದ ಯಾವುದೋ ಕೆಲಸಕ್ಕೆ ಬಾರದ ಮ್ಯಾಚಿಗೆ ಹಾಕಿದ್ದರು. ಅಸಹ್ಯ. "ಛೀ" ಎಂದು ಪಕ್ಕಕ್ಕೆ ತಿರುಗಿದೆ. ಫೋನ್ ಕಪ್ಪಗೆ ಒರಗಿತ್ತು. ಬೈಯಲು ಜೊತೆಯಿಲ್ಲದಿದ್ದರೆ ಕೆಟ್ಟ ಮ್ಯಾಚ್ ಬರೀ ಕೆಟ್ಟ ಮ್ಯಾಚ್. ಅವನ ನೆನಪಾಗಿ ಅತ್ತೆ, ಅತ್ತದ್ದಕ್ಕೆ ಇನ್ನಷ್ಟು ಅಸಹ್ಯಪಟ್ಟುಕೊಂಡೆ.

ಶನಿವಾರ ಅಮ್ಮನ ಫೋನ್ ರಿಂಗಾಯಿತು. ಅಮ್ಮನಿಗೆ ಅವನ ವಿಷಯ ಹೇಳಿದ್ದೆ, ಜಗಳ ಹೇಳಿರಲಿಲ್ಲ. ಗಂಡಸಿಯಿಂದ ಅವನ ತಾಯಿ ಕಾಂತಮ್ಮ. ಸ್ಪೀಕರ್ ಹಾಕುವುದೇ ಬೇಡ, ಅಡುಗೆಮನೆಯಿಂದಲೇ ಕೇಳುತ್ತಿತ್ತು.

"ಪುಷ್ಪಲತಮ್ಮಾರೇ, ನಮ್ಮುಡುಗ ಮಂಗಳವಾರ ಬಂದು ನಿಮ್ಮ ಮಗಳನ್ನ ಕೇಳ್ತಾನಂತೆ. ನಂಗೆ ತಡಕಳಕ್ ಆಗ್ನಿಲ್ಲ, ಅದ್ಕೇ ಹೇಳ್ಬುಟ್ಟೆ. ಹುಡುಗೀಗ್ ಗೊತ್ತಾಗದು ಬ್ಯಾಡ, ಆಯ್ತಾ?"

ಅಮ್ಮ ನನ್ನತ್ತ ನೋಡಿದಳು. ನಾನು ಕೊಬ್ಬರಿ ತುರಿಯುತ್ತಲೇ ಇದ್ದೆ.

ಮೂರು ದಿನ ಉತ್ತರ ಹುಡುಕಿದೆ. ಭಾನುವಾರ ಬೇಡ ಎಂದಿತ್ತು ಮನಸ್ಸು. ಸೋಮವಾರ, ಆ ಮುಖ ಮಾಡಿದರೆ ಬೇಡ ಎಂದಿತು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಲ್ಯಾಬಿನ ಬಾಗಿಲಲ್ಲಿ ಶಶಿಕಿರಣ್ ನಿಂತಿದ್ದ, ಇಸ್ತ್ರಿ ಮಾಡಿದ ಶರ್ಟು, ಕೆದರಿದ ತಲೆ.

"ಷುಗರ್ ಟೆಸ್ಟು. ಖಾಲಿ ಹೊಟ್ಟೇಲಿದ್ದೀನಿ."

"ಕೂತ್ಕೊಳ್ಳಿ."

ತೋಳಿಗೆ ರಬ್ಬರ್ ಪಟ್ಟಿ ಬಿಗಿದೆ. ಮುಷ್ಟಿ ಹಿಡಿಯಲು ಹೇಳಿದೆ. ನರ ಎಷ್ಟು ಚೆನ್ನಾಗಿ ಉಬ್ಬಿತ್ತೆಂದರೆ ಕಣ್ಣು ಮುಚ್ಚಿ ಚುಚ್ಚಬಹುದಿತ್ತು.

"ಇವತ್ತು ಲೈವ್ ನೋಡಿಲ್ಲ. ಫೋನ್ ಚಿಕ್ಕಣ್ಣನ ಹತ್ರ ಕೊಟ್ಟು ಬಂದಿದ್ದೀನಿ," ಎಂದ. ಸೂಜಿ ಕಂಡು ಹಣೆಯಲ್ಲಿ ಬೆವರು. "ಇನ್ಮೇಲೆ ಯಾವತ್ತೂ ನೋಡಲ್ಲ. ನಿಮಗೆ ಗೊತ್ತಿಲ್ದೆ ಇರೋದು ನನಗೂ ಗೊತ್ತಿರೋದು ಬೇಡ. ಪ್ರತಿಮಾ, ನನ್ನನ್ನ ಮದುವೆ ಆಗ್ತೀರಾ?"

ಬರುವ ಪ್ರಶ್ನೆ ಶನಿವಾರದಿಂದ ಗೊತ್ತಿತ್ತು. ಕಾಂತಮ್ಮನವರ ಮಾತು ಉಳಿಸಬೇಕಲ್ಲ ಎಂದು ಕಣ್ಣು ಅಗಲಿಸಿ, ಹುಬ್ಬು ಏರಿಸಿ, "ಅಯ್ಯಯ್ಯೋ, ಇದೇನ್ರೀ ಇದು!" ಎಂದೆ.

ಅವನು ದಿಟ್ಟಿಸಿದ. "ನಿಮಗೆ ಮೊದ್ಲೇ ಗೊತ್ತಿತ್ತು."

"ಶನಿವಾರದಿಂದ. ನಿಮ್ಮ ತಾಯಿ."

"ಛೇ. ಹಾಗಾದ್ರೆ ಉತ್ತರಾನೂ ಬರೆದಿಟ್ಕೊಂಡಿರ್ತೀರಿ."

ಇರಲಿಲ್ಲ. ಆ ಕ್ಷಣದವರೆಗೂ ಇರಲಿಲ್ಲ. ಸೂಜಿ ಇಳಿಸಿದೆ. ಸಿರಿಂಜಿಗೆ ಒಂದು ಹನಿಯೂ ಬರಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ನರ ತಪ್ಪಿತ್ತು. ಎಲ್ಲ ಗೊತ್ತಿದ್ದೂ ತಪ್ಪಿತ್ತು. ಎರಡು ವರ್ಷದ ಸಂಜೆಗಳಲ್ಲಿ ಅವನಿಗೆ ಏನಾಗುತ್ತಿತ್ತೆಂದು ಆಗ ಗೊತ್ತಾಯಿತು.

ಸೂಜಿ ತೆಗೆದು, ಹತ್ತಿ ಒತ್ತಿ, ಒತ್ತಿದ ಕೈ ಹಾಗೇ ಬಿಟ್ಟೆ. "ಹೂಂ. ಆಗ್ತೀನಿ."

ಕೈ ತಲೆಗೆ ಹೋಗಲಿಲ್ಲ. ಹುಬ್ಬು ಏರಲಿಲ್ಲ. ಬಾಯಿ ಅರ್ಧ ತೆರೆದು, ಒಂದು ಶಬ್ದವೂ ಇಲ್ಲದೆ, ದಾರಿ ತಪ್ಪಿದವನ ಹಾಗೆ ನನ್ನನ್ನೇ ನೋಡಿದ. ಇಂಥ ಮುಖ ನಾನು ನೋಡಿಯೇ ಇರಲಿಲ್ಲ. ಹೊರಗೆ ಯಾರೋ ಟೋಕನ್ ನಂಬರ್ ಕೇಳುತ್ತಿದ್ದರು.

"ಇನ್ನೊಂದು ಕೈ ಕೊಡಿ," ಎಂದೆ. "ಷುಗರ್ ನೋಡ್ಲೇಬೇಕು."

ಆವತ್ತು ಸಂಜೆ ಏಳಕ್ಕೆ ನಮ್ಮ ಮನೆಯ ಸೋಫಾದಲ್ಲೇ ಕೂತೆವು, ನಡುವೆ ಅಮ್ಮ ಇಟ್ಟ ಚಕ್ಕುಲಿ ತಟ್ಟೆ. ಒಂದು, ಎರಡು, ಮೂರು, ಪ್ಲೇ. ಮೆರಿಕ್ ಗೆದ್ದೇಬಿಟ್ಟ ಅನ್ನುವಾಗ ಲೈಟ್ ಹೋಯಿತು.

"ಮತ್ತೆ ಆ ಮುದುಕ ಬಂದ್ರೆ..." ಎಂದು ಅವನ ಮುಖ ನೋಡಿದೆ. ಬಾಯಿ ಅರ್ಧ ತೆರೆದಿತ್ತು, ಶಬ್ದವಿರಲಿಲ್ಲ.

ಲೈಟ್ ಬಂತು. ಮುದುಕನೇ.

"ಥೂ!" ಎಂದೆವು, ಇಬ್ಬರೂ ಒಟ್ಟಿಗೆ.