ಮೊಟ್ಟೆ ತೊಳೆಸಿದ ಮಾಂತ್ರಿಕ

ಬಹಳ ಬಹಳ ಹಿಂದೆ, ಬೆಕ್ಕುಗಳು ಮಾತಾಡುತ್ತಿದ್ದ ಕಾಲದಲ್ಲಿ, ಮನುಷ್ಯರು ಮಾತ್ರ ಈಗಿನ ಹಾಗೆಯೇ ಹೇಳಿದ್ದು ಕೇಳದೆ ಇದ್ದ ಕಾಲದಲ್ಲಿ, ಪಚ್ಚೆಕೋಟೆ ಎಂಬ ರಾಜ್ಯವಿತ್ತು. ಅಲ್ಲೊಬ್ಬ ರಾಜನಿದ್ದ. ಅವನನ್ನು ಸದ್ಯಕ್ಕೆ ಮರೆತುಬಿಡಿ. ಮಾಂತ್ರಿಕನೊಬ್ಬ ಅವನನ್ನು ಸಿಂಹಾಸನದ ಮೇಲೆ ಕೂತಲ್ಲೇ ನಿದ್ದೆ ಹೋಗುವಂತೆ ಮಾಡಿ ಏಳು ವರ್ಷವಾಗಿತ್ತು. ರಾಜ್ಯ ಆಳುತ್ತಿದ್ದವನು ಆ ಮಾಂತ್ರಿಕನೇ. ಅವನ ಹೆಸರು ಶುಭ್ರಕೇತು.

ಶುಭ್ರಕೇತುವಿಗೆ ಬಿಳುಪಿನ ಹುಚ್ಚು. ಉಡುವುದು ಬಿಳಿ, ಉಣ್ಣುವುದು ಬಿಳಿ, ಕಾವಲಿಗೆ ಇಟ್ಟುಕೊಂಡದ್ದು ಬಿಳಿ ಬೆಕ್ಕುಗಳು. ಆ ಬೆಕ್ಕುಗಳು ರುಮಾಲು ಸುತ್ತಿಕೊಂಡು, ಎರಡು ಕಾಲಿನ ಮೇಲೆ ನಡೆಯುತ್ತ, ಊರವರ ಬಚ್ಚಲು ಅಡುಗೆಮನೆಗಳನ್ನೆಲ್ಲ ಮೂಸಿ ನೋಡಿ ವರದಿ ಒಪ್ಪಿಸುತ್ತಿದ್ದವು. ಮೇಲೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಪಚ್ಚೆಕೋಟೆಯ ಆಡಳಿತ ಹಾಗಿತ್ತು.

ಕೋಟೆಯ ಹೊರಗಿನ ಕೇರಿಯಲ್ಲಿ ಅಕ್ಕ ತಂಗಿ ಇಬ್ಬರಿದ್ದರು. ಅಕ್ಕ ಚೌಡವ್ವ, ತಂಗಿ ಕೆಂಚವ್ವ. ಇಬ್ಬರ ಗಂಡಂದಿರೂ ತೀರಿಹೋಗಿದ್ದರು, ಇಬ್ಬರಿಗೂ ವಯಸ್ಸು ನಲವತ್ತು ದಾಟಿತ್ತು. ಒಂದೇ ಮನೆ, ಅರವತ್ತು ಕೋಳಿ, ದಿನವಿಡೀ ಜಗಳ. ಮೊಟ್ಟೆ ಮಾರಿ ಬದುಕುತ್ತಿದ್ದರು.

ಕೆಂಚವ್ವನಿಗೆ ಮೊಟ್ಟೆಯ ವಿಷಯ ಗೊತ್ತಿತ್ತು. ಗೂಡಿಗೆ ಒಣ ರಾಗಿಹುಲ್ಲು ಹಾಸಿ ಎರಡು ದಿನಕ್ಕೊಮ್ಮೆ ಬದಲಾಯಿಸುತ್ತಿದ್ದಳು. ಕೋಳಿಗಳು ತುಳಿದು ಗಲೀಜು ಮಾಡುವ ಮೊದಲೇ, ಬೆಳಿಗ್ಗೆ ಒಂದು ಸಲ ಮಧ್ಯಾಹ್ನ ಒಂದು ಸಲ, ಮೊಟ್ಟೆ ಎತ್ತಿಕೊಳ್ಳುತ್ತಿದ್ದಳು. ಎಲ್ಲೋ ಒಂದಕ್ಕೆ ಹಿಕ್ಕೆ ಮೆತ್ತಿದ್ದರೆ ಒಣ ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ ತೆಗೆಯುತ್ತಿದ್ದಳು. ತೀರಾ ಕೊಳಕಾದದ್ದು, ಬಿರುಕು ಬಿಟ್ಟದ್ದು ಅವತ್ತೇ ಮನೆಯ ಬಾಣಲೆಗೆ. ಉಳಿದದ್ದನ್ನು ಚೂಪು ತುದಿ ಕೆಳಗೆ ಬರುವಂತೆ ಹೊಟ್ಟು ತುಂಬಿದ ಬುಟ್ಟಿಯಲ್ಲಿ ನಿಲ್ಲಿಸಿ ಸಂತೆಗೆ ಒಯ್ಯುತ್ತಿದ್ದಳು. ನೀರು ಮಾತ್ರ ಮುಟ್ಟಿಸುತ್ತಿರಲಿಲ್ಲ. ಕೋಳಿ ಮೊಟ್ಟೆಯಿಡುವಾಗಲೇ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಸವರಿ ಕಳಿಸುತ್ತದೆ. ತೊಳೆದರೆ ಪೊರೆ ಹೋಯಿತು. ಪೊರೆ ಹೋದರೆ ಸಿಪ್ಪೆಯ ಸಣ್ಣ ತೂತುಗಳಿಂದ ಕೊಳೆ ಒಳಗಿಳಿಯಿತು. ವಿಷಯ ಇಷ್ಟೇ. ಇದರಲ್ಲಿ ಮಂತ್ರವೂ ಇಲ್ಲ, ತಂತ್ರವೂ ಇಲ್ಲ, ಆದರೂ ಜನಕ್ಕೆ ಅರ್ಥವಾಗುವುದಿಲ್ಲ.

ಒಂದು ದಿನ ಶುಭ್ರಕೇತುವಿನ ತಟ್ಟೆಗೆ ಕಲೆಯಿದ್ದ ಮೊಟ್ಟೆಯೊಂದು ಬಂತು. ಅವನು ಡಂಗುರ ಹೊಡೆಸಿದ: ರಾಜ್ಯದ ಪ್ರತಿಯೊಂದು ಮೊಟ್ಟೆಯನ್ನೂ ತೊಳೆದೇ ಮಾರಬೇಕು, ಕೆಟ್ಟ ಮೊಟ್ಟೆ ಮಾರಿದವರನ್ನು ಕೋಳಿಯನ್ನಾಗಿ ಮಾಡಲಾಗುವುದು. ಜನ ತೊಳೆದರು. ಹತ್ತನೇ ದಿನ ಸಂತೆಯೆಲ್ಲ ನಾತ ಹೊಡೆಯಿತು. ಬೆಕ್ಕುಗಳು ಬಂದು ಮೂಸಿದವು, ನೂರು ಜನ ಕೋಳಿಗಳಾಗಿ ಅರಮನೆಯ ಗೂಡು ಸೇರಿದರು.

ತಲೆಯಿದ್ದವನಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದ. ಇವನೋ, ಜನ ಸರಿಯಾಗಿ ತೊಳೆದಿಲ್ಲ, ಅದಕ್ಕೇ ಕೊಳೆತಿವೆ ಎಂದ. ಎರಡನೇ ಡಂಗುರ ಹೊಡೆಸಿದ: ಎರಡೆರಡು ಸಲ ತೊಳೆಯಬೇಕು.

ಆ ದಿನ ಚೌಡವ್ವ ಹೆದರಿಕೊಂಡು ಕೊಳಗ ತುಂಬ ನೀರು ತಂದಿಟ್ಟಳು. ಕೆಂಚವ್ವ ಕೊಳಗಕ್ಕೆ ಅಡ್ಡ ನಿಂತಳು.

"ನೀರು ಮುಟ್ಟಿಸ್ಬ್ಯಾಡ ಕಣಕ್ಕ. ನಮ್ಮವು ಸುದ್ದವಾಗೇ ಅವೆ. ಬೆಕ್ಕಿಗೆ ಬೇಕಾಗಿರಾದು ಕಲೆ ಇಲ್ದೇ ಇರಾದು, ಅಷ್ಟೇಯ."

"ನೀನು ಮೂಗು ಸುರಿಸ್ಕೊಂಡು ಓಡಾಡ್ತಿದ್ದಾಗಿಂದ ನಾನು ಮೊಟ್ಟೆ ಮಾರ್ತಾ ಇವ್ನಿ," ಎಂದಳು ಚೌಡವ್ವ. "ನನಗೆ ಹೇಳಿಕೊಡಾಕೆ ಬರಬ್ಯಾಡ."

ಅವಳು ತನ್ನ ಪಾಲಿನದನ್ನು ಎರಡು ಸಲ ತೊಳೆದಳು. ಏಳನೇ ದಿನ ಬೆಕ್ಕುಗಳು ಬಂದವು. ಕೆಂಚವ್ವನ ಬುಟ್ಟಿ ಮೂಸಿ ಬಾಲ ಆಡಿಸಿದವು, ಚೌಡವ್ವನ ಬುಟ್ಟಿ ಮೂಸಿ ಮೂಗು ಮುಚ್ಚಿಕೊಂಡವು. ಕೆಂಚವ್ವ ನೋಡನೋಡುತ್ತಿದ್ದಂತೆ ಅವಳ ಅಕ್ಕ ಒಂದು ಕಂದು ಬಣ್ಣದ ಕೋಳಿಯಾದಳು. ಬೆಕ್ಕೊಂದು ಅವಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋಯಿತು. ಜಗಳವಾಡಲು ಯಾರೂ ಇಲ್ಲದ ಆ ಮನೆಯಲ್ಲಿ ಕೆಂಚವ್ವನಿಗೆ ಅನ್ನ ಸೇರಲಿಲ್ಲ. ಅಕ್ಕನ ಮೇಲೆ ಎಷ್ಟು ದುಃಖವೋ ಅಷ್ಟೇ ಸಿಟ್ಟೂ ಬಂತು. ಹೇಳಿದ್ದು ಒಂದು ಸಲ ಕೇಳಿದ್ದರೆ ಏನಾಗುತ್ತಿತ್ತು?

ಶುಭ್ರಕೇತು ಮೂರನೇ ಡಂಗುರ ಹೊಡೆಸಿದ: ಅಂಟುವಾಳದ ನೊರೆ ಹಚ್ಚಿ, ಬಾವಿಯ ತಣ್ಣೀರಿನಲ್ಲಿ ನೆನೆಹಾಕಿ, ಮೂರು ಸಲ ತೊಳೆಯಬೇಕು. ಮೂರನೇ ದಿನಕ್ಕೇ ಎಲ್ಲ ಕೊಳೆತವು. ಮೊಟ್ಟೆ ಮಾರುವವರೆಲ್ಲ ಕೋಳಿಗಳಾದರು. ಅರಮನೆಯ ಗೂಡಿನಲ್ಲಿ ಮುನ್ನೂರು ಕೋಳಿ, ಸಂತೆಯಲ್ಲಿ ಕೆಂಚವ್ವ ಒಬ್ಬಳೇ.

ಆಗ ಒಂದು ಬೆಕ್ಕು ಬಂದು ಅವಳಿಗೆ ಅರಮನೆಯಿಂದ ಕರೆ ಬಂದಿದೆ ಎಂದು ಹೇಳಿತು. ಕೆಂಚವ್ವ ಸೆರಗು ಬಿಗಿದುಕೊಂಡು ಹೊರಟಳು. ಗೂಡಿನ ಮುಂದೆ ಹಾದುಹೋಗುವಾಗ ಕಂದು ಕೋಳಿಯೊಂದು ಕಂಬಿಯ ಸಂದಿಯಿಂದ ಕತ್ತು ಚಾಚಿ, ಇಷ್ಟು ತಡವಾಗಿ ಬಂದೆಯಾ ಎಂಬಂತೆ, ಅವಳ ಕಾಲ್ಬೆರಳನ್ನು ಕುಕ್ಕಿತು. ಅಕ್ಕ ಯಾರೆಂದು ಅವಳಿಗೆ ಬೇರೆ ಗುರುತು ಬೇಕಾಗಲಿಲ್ಲ.

ಶುಭ್ರಕೇತು ಅವಳನ್ನು ಹೊಗಳಿದ. ರಾಜ್ಯದಲ್ಲಿ ಮೊಟ್ಟೆ ತೊಳೆಯಲು ಬರುವುದು ನಿನಗೊಬ್ಬಳಿಗೇ ಎಂದ. ನಾನು ತೊಳೆಯುವುದೇ ಇಲ್ಲ ಎಂದು ಕೆಂಚವ್ವ ಹೇಳಿದಳು. ಗುಟ್ಟು ಬಿಟ್ಟುಕೊಡುವುದಿಲ್ಲ ಅಲ್ಲವೇ ಎಂದು ಅವನು ನಕ್ಕ. ಗುಟ್ಟೇನೂ ಇಲ್ಲ, ಒಣ ನಾರಿನಲ್ಲಿ ಒರೆಸುತ್ತೇನೆ ಎಂದಳು. ಜಾಣೆ ಎಂದು ಅವನು ಮತ್ತೂ ನಕ್ಕ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಆಮೇಲೆ ಅವನು ತನ್ನ ಎದೆಯ ಹತ್ತಿರದಿಂದ ರೇಷ್ಮೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಒಳಗೊಂದು ಮೊಟ್ಟೆ. ಮುನ್ನೂರು ವರ್ಷದ ಮಣ್ಣು, ಹಿಕ್ಕೆ, ಮಸಿ ಮೆತ್ತಿ ಕಗ್ಗಲ್ಲಿನ ಹಾಗೆ ಕಾಣುತ್ತಿತ್ತು. ಮನೆತನದ ಮೊಟ್ಟೆ, ಇದನ್ನು ಹಾಲಿನಷ್ಟು ಬೆಳ್ಳಗೆ ಮಾಡಿಕೊಡು, ದರ್ಬಾರಿನಲ್ಲಿ ಇಡಬೇಕು ಎಂದ. ಕೆಂಚವ್ವ ರೂಢಿಯಂತೆ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದಳು. ಕೊಳೆಯಿಲ್ಲದ ಒಂದು ಕಡೆಯಿಂದ ಒಳಗೆ ಏನೋ ಮಿಡಿಯುವುದು ಕಂಡಿತು. ಶುಭ್ರಕೇತುವಿನ ಕತ್ತಿನ ನರವೂ ಅದೇ ಲೆಕ್ಕದಲ್ಲಿ ಮಿಡಿಯುತ್ತಿತ್ತು. ಅವನ ಪ್ರಾಣ ಇರುವುದು ಇದರಲ್ಲೇ ಎಂದು ಅವಳಿಗೆ ತಿಳಿಯಿತು.

ಬೇರೆ ಮಾಂತ್ರಿಕರು ಪ್ರಾಣವನ್ನು ಏಳು ಸಮುದ್ರದಾಚೆ ಬಚ್ಚಿಡುತ್ತಾರೆ. ಈ ಮಹಾನುಭಾವ ಅದನ್ನು ತೊಳೆಸಲು ತಂದಿದ್ದಾನೆ! ಕೆಂಚವ್ವ ಬಾಯಿ ಮುಚ್ಚಿಕೊಂಡು ತೊಳೆದುಕೊಟ್ಟಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊಟ್ಟೆ ಹಾಳಾಗುವುದನ್ನು ನೋಡಿಕೊಂಡು ಸುಮ್ಮನಿದ್ದು ಅವಳಿಗೆ ಅಭ್ಯಾಸವಿರಲಿಲ್ಲ.

"ತೊಳೀಬ್ಯಾಡಿ ಬುದ್ಧಿ," ಎಂದಳು. "ಇದ್ರಲ್ಲಿ ಜೀವ ಅದೆ. ಮೇಲಿನ ಪೊರೆ ಇದನ್ನ ಇಷ್ಟು ವರ್ಸ ಕಾಪಾಡ್ಯದೆ. ಒಣ ನಾರಲ್ಲಿ ಒರೆಸಿಕೊಡ್ತೀನಿ, ಕೊಂಚ ಕಪ್ಪು ಉಳ್ಕಂಡ್ರೆ ಉಳ್ಕಳ್ಳಿ."

ಅವನು ಕಂದು ಕೋಳಿಯನ್ನು ತರಿಸಿ ಅದರ ಕುತ್ತಿಗೆಗೆ ಕೈ ಹಾಕಿದ. ಇದು ನಿನ್ನ ಅಕ್ಕನಲ್ಲವೇ ಎಂದು ಕೇಳಿದ. ಒಂಬತ್ತು ದಿನ ಮೊಟ್ಟೆ ದರ್ಬಾರಿನಲ್ಲಿ ಬೆಳ್ಳಗೆ ಹೊಳೆಯಬೇಕು, ಹೊಳೆದರೆ ಹತ್ತನೇ ದಿನ ಅಕ್ಕನನ್ನು ಕೊಡುತ್ತೇನೆ, ಒಂದು ಕಲೆ ಕಂಡರೂ ಇವಳು ಸಾರಿಗೆ, ನೀನು ಗೂಡಿಗೆ ಎಂದ. ಕೆಂಚವ್ವ ಬಾವಿಯಿಂದ ತಣ್ಣೀರು ಸೇದಿ, ಅಂಟುವಾಳ ಹಚ್ಚಿ, ಅವನ ಎದುರಿನಲ್ಲೇ ತೊಳೆದಳು. ಮೊಟ್ಟೆ ಮಲ್ಲಿಗೆಯ ಹಾಗಾಯಿತು. ಅದನ್ನು ಚಿನ್ನದ ಪೀಠದ ಮೇಲಿಟ್ಟರು. ಬೆಕ್ಕುಗಳು ಚಪ್ಪಾಳೆ ತಟ್ಟಿದವು.

ನಾಲ್ಕನೇ ದಿನ ಶುಭ್ರಕೇತುವಿಗೆ ಕೆಮ್ಮು ಹತ್ತಿತು. ಮೂಗಿನ ತುದಿ ಹಸಿರಾಯಿತು. ಮೊಟ್ಟೆಯಲ್ಲಿ ಇನ್ನೂ ಕೊಳೆ ಉಳಿದಿರಬೇಕು, ಮತ್ತೆ ತೊಳೆ ಎಂದು ಅಪ್ಪಣೆಯಾಯಿತು. ಕೆಂಚವ್ವ ಹಣೆ ಚಚ್ಚಿಕೊಂಡಳು. ತೊಳೆಯಲೇಬೇಕೆಂದರೆ ಮೊಟ್ಟೆಗಿಂತ ಬೆಚ್ಚಗಿನ ನೀರಾದರೂ ಕೊಡಿ, ಒಳಗಿನ ಜೀವದ ಕಾವಿಗೆ ಬೆಚ್ಚಗಿರುವ ಮೊಟ್ಟೆ ತಣ್ಣೀರಿಗೆ ಬಿದ್ದರೆ ಒಳಗೆ ಸೆಳೆದುಕೊಂಡು ಕೊಳೆಯನ್ನೆಲ್ಲ ಕುಡಿಯುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ನನ್ನ ಬಾವಿಯ ನೀರು ಕೊಳೆಯೇ ಎಂದು ಅವನು ಸಿಡುಕಿದ. ಅವಳು ತಣ್ಣೀರಿನಲ್ಲೇ ತೊಳೆದಳು. ಮೊಟ್ಟೆ ಇನ್ನಷ್ಟು ಬೆಳ್ಳಗಾಯಿತು.

ಏಳನೇ ದಿನ ಅವನ ಕೂದಲು ಉದುರಿತು. ಅವನು ಮಾತಾಡಿದರೆ ಎದುರಿದ್ದವರಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಭಕ್ತಿಯಿಂದಲ್ಲ. ಮೂರನೇ ಸಲ ಕೆಂಚವ್ವನಿಗೆ ಕರೆ ಬಂತು. ಈ ಸಲ ಅವಳಿಗೆ ಸುಮ್ಮನಿರಬೇಕೆಂಬ ಆಸೆ ಬಲವಾಗಿತ್ತು. ಇನ್ನೊಂದು ಸಲ ತೊಳೆದರೆ ಮುಗಿಯಿತು, ಅಕ್ಕ ಮನೆಗೆ ಬರುತ್ತಾಳೆ. ಪೀಠದ ಕೆಳಗಿನ ಪಂಜರದಲ್ಲಿ ಕಂದು ಕೋಳಿ ಕೂತಿತ್ತು. ಕೆಂಚವ್ವ ಅದನ್ನು ನೋಡಿದಳು, ಮೊಟ್ಟೆಯನ್ನು ನೋಡಿದಳು, ಹಲ್ಲು ಕಚ್ಚಿದಳು. ಆದರೂ ಬಾಯಿ ಕೇಳಬೇಕಲ್ಲ!

"ಬುದ್ಧಿ, ಕೊನೇ ಸಲ ಹೇಳ್ತಾ ಇವ್ನಿ. ತೊಳೆದ ಮೊಟ್ಟೆ ಇಡಾಕಿಲ್ಲ, ಅವತ್ತೇ ಬೇಯಿಸ್ಕಂಡು ತಿನ್ನಾದು. ನೀವು ಕೆಡ್ತಾ ಇರಾದು ಕೊಳೆಯಿಂದ ಅಲ್ಲ, ತೊಳೆದಿದ್ರಿಂದ. ನಾನು ನಿಮಗೆ ಕೇಡು ಬಯಸ್ತಿಲ್ಲ ಅಂತ ಹೇಳಾಕಿಲ್ಲ, ಬಯಸ್ತೀನಿ. ಆದ್ರೆ ಮೊಟ್ಟೆ ಇಸ್ಯದಲ್ಲಿ ಸುಳ್ಳು ಹೇಳಾಕಿಲ್ಲ. ನಮ್ಮಕ್ಕನ್ನ ಬಿಡಿ, ಇದನ್ನ ಒರೆಸಿ ಕೊಡ್ತೀನಿ, ಉಳ್ಕಂಡಷ್ಟು ಜೀವ ಉಳ್ಕಳ್ಳಿ."

ಶುಭ್ರಕೇತು ಹಸಿರು ಮೂಗನ್ನು ಮೇಲೆತ್ತಿ ಅವಳನ್ನು ನೋಡಿದ. ಮುನ್ನೂರು ವರ್ಷ ಬದುಕಿದವನು, ಹದಿನಾರು ಭಾಷೆ ಬಲ್ಲವನು, ಹೆಂಗಸೊಬ್ಬಳು ಕೋಳಿ ಮೊಟ್ಟೆಯ ಬಗ್ಗೆ ಹೇಳಿದ್ದನ್ನು ಕೇಳಲಾರದೆ ಹೋದ.

"ಮೂರು ಸಲ ತೊಳೆ," ಎಂದ.

ಅವಳು ಮೂರು ಸಲ ತೊಳೆದಳು.

ಎಂಟನೇ ದಿನ ಬೆಕ್ಕುಗಳು ರುಮಾಲು ಬಿಚ್ಚಿ ಮೂಲೆಗೆಸೆದು ಕಿಟಕಿಯಿಂದ ಹಾರಿಹೋದವು. ಮೂಗಿದ್ದವರಿಗೆ ಮೊದಲು ಗೊತ್ತಾಗುತ್ತದೆ. ಒಂಬತ್ತನೇ ದಿನ ಮಧ್ಯಾಹ್ನ ದರ್ಬಾರು ಸೇರಿತು. ಮೊಟ್ಟೆ ಪೀಠದ ಮೇಲೆ ಒಂದು ಕಲೆಯೂ ಇಲ್ಲದೆ ಫಳಫಳ ಹೊಳೆಯುತ್ತಿತ್ತು. ಶುಭ್ರಕೇತು ಅದನ್ನು ಎಲ್ಲರಿಗೂ ತೋರಿಸುತ್ತ ನೋಡಿ, ಎಷ್ಟು ಸ್ವಚ್ಛ ಎಂದು ಹೇಳುತ್ತಿದ್ದಂತೆಯೇ ಅದು ಢಬ್ ಎಂದು ಒಡೆಯಿತು. ಅವನೂ ಒಡೆದ. ಉಳಿದದ್ದು ಒಂದು ಬಿಳಿ ನಿಲುವಂಗಿ, ಮತ್ತೆ ಬಾಯಿಬಿಟ್ಟು ಹೇಳಲಾಗದ ನಾತ. ಏಳು ವರ್ಷ ಮಲಗಿದ್ದ ರಾಜ ಆ ನಾತಕ್ಕೆ ಎಚ್ಚರಗೊಂಡು, ಯಾರು ಏನು ಮಾಡಿದಿರಿ ಎಂದು ಕೇಳಿದ.

ಗೂಡಿನಲ್ಲಿದ್ದ ಮುನ್ನೂರು ಕೋಳಿಗಳು ಮತ್ತೆ ಮನುಷ್ಯರಾಗಿ ಕೈಕಾಲು ಕೊಡವಿಕೊಂಡು ಹೊರಗೆ ಬಂದರು. ಪಂಜರ ಮುರಿದುಕೊಂಡು ಚೌಡವ್ವ ಎದ್ದು ನಿಂತಳು. ರಾಜ ತಾನು ಮಲಗಿದ್ದಾಗ ಬಂದ ಡಂಗುರಗಳನ್ನೆಲ್ಲ ರದ್ದು ಮಾಡಿದ. ಕೆಂಚವ್ವನಿಗೆ ಏನು ಬೇಕೆಂದು ಕೇಳಿದ. ಅವಳು ಮನೆಗೆ ಹೋಗಬೇಕು ಎಂದಳು.

ಅಕ್ಕ ಮುಂದೆ, ತಂಗಿ ಹಿಂದೆ ಹೊರಟರು. ಮನೆಗೆ ಬಂದು ಚೌಡವ್ವ ಕಾಲು ತೊಳೆದುಕೊಂಡು, ಗೂಡುಗಳನ್ನೆಲ್ಲ ಇಣುಕಿ ನೋಡಿ, ಆ ದಿನದ ಮೊಟ್ಟೆಗಳನ್ನು ಮಡಿಲಿಗೆ ಹಾಕಿಕೊಂಡು ಜಗಲಿಯಲ್ಲಿ ಕೂತಳು. ಕೆಂಚವ್ವ ಇನ್ನು ಬೈಗುಳ ಶುರುವಾಗುತ್ತದೆ ಎಂದು ಕಾದಳು. ಚೌಡವ್ವ ಒಂದು ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದಕ್ಕೆ ಚೂರು ಹಿಕ್ಕೆ ಮೆತ್ತಿತ್ತು. ತಂಗಿಯ ಕಡೆ ನೋಡದೆಯೇ ಕೈ ಚಾಚಿದಳು.

"ಆ ನಾರು ಕೊಡು ಇತ್ತ. ಹೆಂಗೆ ಉಜ್ಜಾದು ಅಂತ ತೋರ್ಸವ್ವ."

ಇಪ್ಪತ್ತು ವರ್ಷದಿಂದ ಇದನ್ನೇ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದ ಕೆಂಚವ್ವ ಗಳಗಳನೆ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಅಕ್ಕನ ಪಕ್ಕದಲ್ಲಿ ಕೂತು ತೋರಿಸಿಕೊಟ್ಟಳು. ಪಚ್ಚೆಕೋಟೆಯಲ್ಲಿ ಆಮೇಲೆ ಎಲ್ಲರೂ ಸುಖವಾಗಿ ಬಾಳಿದರು. ಚೌಡವ್ವ ಮತ್ತೆ ಇನ್ನಾವ ವಿಷಯದಲ್ಲೂ ತಂಗಿಯ ಮಾತು ಕೇಳಲಿಲ್ಲ. ಕೆಂಚವ್ವನಿಗೆ ಆ ಒಂದು ಸಲ ಕೇಳಿದ್ದೇ ಸಾಕಾಯಿತು.