ಮೂರು ತಿಂಗಳಿಗೊಮ್ಮೆ ಬರುವ ಫೋನು

"ಯಾಕ ಬಂದಿ?"

ಭೀಮರಾಯನಗುಡಿಯ ಕಾಲುವೆ ದಂಡೆಯಲ್ಲಿ ಕುರಿಗಳ ನಡುವೆ ಕೂತಿದ್ದ ಹುಲಗಪ್ಪ ತಲೆ ಎತ್ತದೆ ಕೇಳಿದ.

ಮುದನಾಳದ ಅಂಗನವಾಡಿಗೆ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದಿದ್ದ ಶಂಕ್ರಮ್ಮ ಅವನೆದುರಿಗೇ ಕೂತಳು.

"ಮದುವಿ ಬ್ಯಾಡ ಅಂತ ಹೇಳಿ ಕಳಿಸಿಯಲ್ಲ ಮಾವ. ಕಾರಣ ನಿನ್ನ ಬಾಯಿಂದಾನೇ ಕೇಳಾಕ ಬಂದೀನಿ."

ಹುಲಗಪ್ಪ ಅವಳ ಸೋದರಮಾವನ ಮಗ. ಶ್ವಾಸಕೋಶದ ಕ್ಯಾನ್ಸರಿಗೆ ಮೂರು ತಿಂಗಳ ಹಿಂದೆ ಕಲಬುರಗಿಯಲ್ಲಿ ಆಪರೇಷನ್ ಆಗಿತ್ತು. ಚೇತರಿಸಿಕೊಂಡು ಕುರಿ ಹಿಂದೆ ನಡೆಯತೊಡಗಿದ ಮೇಲೆಯೇ ಇಬ್ಬರ ಮದುವೆ ಮಾತಾಗಿದ್ದು. ಈಗ ಬೇರೆ ಯಾರಾದರೂ ಅವನ ಮನಸ್ಸಿಗೆ ಬಂದರೇ...? ದಾರಿಯುದ್ದಕ್ಕೂ ಅದೇ ಅವಳನ್ನು ಕೊರೆದಿತ್ತು.

"ದವಾಖಾನಿಯಿಂದ ಫೋನ್ ಬಂದಿತ್ತು. ಮತ್ತ ಸ್ಕ್ಯಾನಿಂಗಿಗೆ ಬಾ ಅಂದ್ರು. ಆರಾಮ ಇದ್ದವನ್ನ ಯಾರರ ಕರೀತಾರೇನು? ಅದು ತಿರುಗಿ ಬಂದೈತಿ... ಹೇಳಾಕ ಅಂಜ್ಯಾರ."

ಇಷ್ಟೇನಾ... ಇದನ್ನು ಒಬ್ಬನೇ ಹೊತ್ತು ತಿರುಗಿದನೇ? ಅವಳ ಕಣ್ಣು ತುಂಬಿತು.

ಅವನು ಒಂದು ಕುರಿಯ ಕಾಲೆತ್ತಿ ಗೊರಸು ಬಿಡಿಸಿ ನೋಡಿ, ಇನ್ನೊಂದನ್ನು ಎಳೆದುಕೊಂಡ.

"ಅದಕ್ಕೇನಾಗೈತಿ?"

"ಏನಿಲ್ಲ. ಕಾಲುವಿ ಕಡಿ ಹಸಿ ನೆಲ, ಗೊರಸು ಕೊಳೀತಾವ, ದಿನಾ ನೋಡಬೇಕು. ಮೊದಲೇ ಕಂಡ್ರ ಉಳಿಸ್ಕೋಬೌದು."

"ನಿನ್ನೂ ಅವರು ಹಂಗೇ ನೋಡಾಕ ಕರದಾರ. ಮೂರು ತಿಂಗಳಿಗೊಮ್ಮಿ ಬರಬೇಕಂತ ನಿನ್ನ ಫೈಲಿನ್ಯಾಗೇ ಬರದೈತಿ, ನಾ ಓದೀನಿ. ಓದಿಸ್ಕೊಂಡಿಯೇನು?"

ಹುಲಗಪ್ಪ ಕುರಿಯ ಕಾಲನ್ನು ಮೆಲ್ಲಗೆ ಬಿಟ್ಟ.

"ಖರೇನೇ ತಿರುಗಿ ಬಂದಿದ್ರ?"

"ಮೊದಲೇ ಕಾಣತೈತಿ. ನಾನೂ ಬರ್ತೀನಿ, ನಡಿ."

ಮರುದಿನ ಕಲಬುರಗಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಅವನಿಗೆ ನರ್ಸ್ ಶರೀಫಾಬೀ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ನಿಂತುಕೊಂಡೇ ಫಾರಂ ತುಂಬಿಸಿದಳು.

"ನಿಮ್ಮ ಫೋನ್ ಹತ್ತದಿದ್ರ ಯಾರಿಗೆ ಹಚ್ಚೋಣ್ರಿ?"

ಹುಲಗಪ್ಪ ಶಂಕ್ರಮ್ಮನ ಕಡೆ ಕೈ ತೋರಿಸಿದ.

"ಇವರು ನಿಮಗ ಏನಾಗಬೇಕ್ರಿ?"

ಶಂಕ್ರಮ್ಮ ನೆಲ ನೋಡಿದಳು. ಅತ್ತೆಯ ಮಗಳು ಅನ್ನುತ್ತಾನೆ... ಅಷ್ಟೇ ಅನ್ನುತ್ತಾನೆ...

"ಹೆಂಡ್ತಿ ಆಗಾಕಿ. ಹಂಗೇ ಬರಕೊಳ್ರಿ."

ಸ್ಕ್ಯಾನಿಂಗ್ ಮುಗಿಸಿ ಇಬ್ಬರೂ ಬೆಂಚಿನ ಮೇಲೆ ಕೂತರು.

"ರಿಪೋರ್ಟ್ ಇನ್ನಾ ಬಂದಿಲ್ಲ ಮಾವ. ಅಷ್ಟರಾಗ ಹೆಂಡ್ತಿ ಅಂತ ಹೇಳಿಬಿಟ್ಟಿ?"

"ಚಲೋ ಬಂದ ಮ್ಯಾಲ ಹೇಳಿದ್ರ ಅದಕ್ಕೇನು ಕಿಮ್ಮತ್ತು?"

"ಕೆಟ್ಟ ಬಂದ್ರ?"

"ಆವಾಗ ನೀ ಜೋಡಿ ಇರಬೇಕು. ಒಬ್ಬನಿಗೇ ಆಗಂಗಿಲ್ಲ ಶಂಕ್ರಿ."

ಅವಳು ಹತ್ತಿರ ಸರಿದು ಕೂತಳು.

"ಇಷ್ಟು ಹೇಳಾಕ ಕಲಬುರಗಿತನಕ ಬರಬೇಕಾತು, ನೋಡು."